ಮರಿಗಳ ಕೋಣೆಯ ಸುದ್ದಿ

೧೪ ಜೂನ್ ೧೯೮೭

ಗುಬ್ಬಿ,

ನಿನ್ನ ಅಮ್ಮ ನೆಟ್ಟಗಿದ್ದಾಳೆ, ನೀನೂ ನೆಟ್ಟಗಿರು. ಔಷಧಿ ಕಂಪನಿಯಲ್ಲಿ ಸೀಸೆ ತೊಳೆಯುವ ಕೆಲಸದಿಂದ ನನ್ನನ್ನು ಬಿಡಿಸಿದರು. ಗಾಬರಿಯಾಗಬೇಡ, ಮನೆಗೆ ಕಳಿಸಲಿಲ್ಲ, ಹಿಂದಿನ ಕಟ್ಟಡಕ್ಕೆ ಕಳಿಸಿದರು. ಅಲ್ಲಿ ಇಲಿ ಸಾಕುತ್ತಾರೆ. ನಗಬೇಡ. ಜೀವಮಾನವೆಲ್ಲ ಪೊರಕೆ ಹಿಡಿದು ಇಲಿ ಓಡಿಸಿದವಳಿಗೆ ಈಗ ಇಲಿಗಳ ಹಾಸಿಗೆ ಬದಲಿಸುವ ಕೆಲಸ.

ಒಳಗೆ ಹೋಗಲು ಎರಡು ಬಾಗಿಲು. ಮೊದಲನೆಯದು ಮುಚ್ಚಿದ ಮೇಲೆಯೇ ಎರಡನೆಯದು ತೆಗೆಯಬೇಕು. ನಡುವೆ ನಿಂತು ನಮ್ಮ ಚಪ್ಪಲಿ ಬಿಟ್ಟು ಅವರ ರಬ್ಬರ್ ಚಪ್ಪಲಿ ಮೆಟ್ಟಿ, ಬಿಳಿ ಅಂಗಿ ತೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಕಿಟಕಿ ಇಲ್ಲ. ದೀಪ ಹತ್ತಿದರೆ ಹಗಲು, ಆರಿದರೆ ರಾತ್ರಿ. ಮರದ ಹೊಟ್ಟಿನ ವಾಸನೆ, ಅದರ ಅಡಿಯಲ್ಲಿ ಉಚ್ಚೆಯ ಘಾಟು. ನಾಲ್ಕು ದಿನ ತಲೆ ನೋಯಿತು, ಈಗ ಅಭ್ಯಾಸವಾಯಿತು.

ಇವು ಮನೆಯ ಇಲಿಯಂಥವಲ್ಲ. ಹುಟ್ಟಿದ ಕೆಲವು ದಿನಕ್ಕೆ ಕೂದಲು ಬರುತ್ತದೆ, ತಿಂಗಳು ತುಂಬುವುದರೊಳಗೆ ಎಲ್ಲ ಉದುರಿಹೋಗುತ್ತದೆ. ಆಮೇಲೆ ಚರ್ಮ ಮಡಿಕೆ ಮಡಿಕೆಯಾಗಿ ಜೋತುಬೀಳುತ್ತದೆ, ಯಾರದೋ ದೊಡ್ಡ ಅಂಗಿ ತೊಟ್ಟ ಹಾಗೆ. ಆ ಚರ್ಮದೊಳಗೆ ಸಣ್ಣ ಸಣ್ಣ ಚೀಲಗಳಿವೆಯಂತೆ, ಅವುಗಳಲ್ಲಿ ಒಣಗಿದ ಕಸ ತುಂಬಿಕೊಂಡಿರುತ್ತದಂತೆ. ಮೊದಲ ದಿನ ಒಂದನ್ನು ಅಂಗೈಯಲ್ಲಿ ಹಿಡಿದಾಗ ನೀನೇ ನೆನಪಾದೆ. ಬೇಜಾರು ಮಾಡಿಕೊಳ್ಳಬೇಡ, ಚಿಕ್ಕಂದಿನಲ್ಲಿ ನಿನಗೆ ಎಣ್ಣೆ ತೀಡುತ್ತಿದ್ದಾಗ ನನ್ನ ಕೈಗೆ ಸಿಗುತ್ತಿದ್ದದ್ದೂ ಇಂಥದ್ದೇ ಒಣಗಿದ ಚರ್ಮ.

ದಿನಾ ಬೆಳಿಗ್ಗೆ ಕನ್ನಡಕದ ಮೇಡಂ ಬಂದು ಅವುಗಳ ಬೆನ್ನಿಗೆ ಒಂದೊಂದು ಹನಿ ಔಷಧಿ ಬಿಡುತ್ತಾರೆ. ಅಲುಗದಂತೆ ಹಿಡಿಯುವುದು ನನ್ನ ಕೆಲಸ. ಬೆಳಕು ತಾಗಿದರೆ ಕೆಡುತ್ತದೆಂದು ಸೀಸೆಗೆ ತಗಡಿನ ಕಾಗದ ಸುತ್ತಿ, ಮಂದ ಹಳದಿ ದೀಪದಲ್ಲೇ ಎಲ್ಲ ನಡೆಯಬೇಕು. ಅದು ಎ ವಿಟಮಿನ್ನಿನ ವಂಶದ್ದಂತೆ. ಗಜ್ಜರಿಯಲ್ಲಿ, ಮೊಟ್ಟೆಯಲ್ಲಿ ಇರುವುದೇ, ಆದರೆ ರೂಪ ಬದಲಿಸಿ ಗಟ್ಟಿ ಮಾಡಿದ್ದು. ಮೇಲಿನ ಸಾಲಿನ ಪೆಟ್ಟಿಗೆಗಳಿಗೆ ಔಷಧಿ, ಕೆಳಗಿನ ಸಾಲಿಗೆ ಔಷಧಿಯಿಲ್ಲದ ಬರೀ ನೀರಿನಂಥದ್ದು. ಎರಡು ವಾರವಾಯಿತು. ಮೇಲಿನ ಸಾಲಿನವುಗಳ ಬೆನ್ನು ಬಿಗಿಯಾಗುತ್ತಿದೆ. ಇದು ನನ್ನ ಕಣ್ಣಿನ ಆಸೆಯೋ ನಿಜವೋ ತಿಳಿಯದು. ದೇವರು ಏನೂ ಕಾಣದೆ ನನ್ನನ್ನು ಸೀಸೆ ಬಿಡಿಸಿ ಇಲ್ಲಿ ನಿಲ್ಲಿಸಿರಲಾರ.

ಅಳಿಯಂದಿರ ಆರೋಗ್ಯ ಬರೆ.

ಅಮ್ಮ


೨ ಜುಲೈ ೧೯೮೭

ಅಮ್ಮಾ,

ಇಲಿಗೂ ನನಗೂ ಜೋಡಿ ಹಾಕಿ ಬರೆದು, ಆಮೇಲೆ ಬೇಜಾರು ಮಾಡಿಕೊಳ್ಳಬೇಡ ಅನ್ನುತ್ತೀಯಲ್ಲ. ಬೇಜಾರಿಲ್ಲ. ಇಲ್ಲಿ ನನ್ನನ್ನು ಮೀನು ಅಂದವರಿದ್ದಾರೆ, ಹಲ್ಲಿ ಅಂದವರಿದ್ದಾರೆ. ಇಲಿ ಎಷ್ಟೋ ವಾಸಿ, ಮುಟ್ಟಿದರೆ ಬೆಚ್ಚಗಾದರೂ ಇರುತ್ತದೆ.

ಇವರು ಚೆನ್ನಾಗಿದ್ದಾರೆ. ಗಡಿಯಾರ ರಿಪೇರಿ ಮುಂದಿನ ಕೋಣೆಯಲ್ಲೇ ನಡೆಯುತ್ತದೆ. ನಾನು ಆ ಕಡೆ ಸುಳಿದರೆ ಬಿಚ್ಚಿಟ್ಟ ಗಡಿಯಾರದ ಮೇಲೆ ಗಾಜಿನ ಬಟ್ಟಲು ಕವುಚುತ್ತಾರೆ. "ನೀನು ಆಚೆ ಇರು ಮಾರಾಯ್ತಿ, ನಿನ್ನ ಮೈಯಿಂದ ಉದುರೋ ಪುಡಿ ಚಕ್ರದೊಳಗೆ ಹೋಗಿ ಕೂತ್ರೆ ಗಿರಾಕಿ ನನ್ನನ್ನ ಕೇಳ್ತಾನೆ" ಅನ್ನುತ್ತಾರೆ. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ಹೋಗುತ್ತದೆ. ಅತ್ತೆ ಬೆಳಿಗ್ಗೆ ನನ್ನ ಹಾಸಿಗೆ ಗುಡಿಸುತ್ತಾರೆ, ಒಂದು ಮಾತೂ ಆಡುವುದಿಲ್ಲ. ಆಡಿದರೆ ವಾಸಿ ಅನ್ನಿಸುತ್ತದೆ.

ಹೊಲಿಗೆ ಅಂಗಡಿಯವರು ನನಗೆ ಈಗಲೂ ಆಸ್ಪತ್ರೆಯ ಹೊದಿಕೆ, ಸಮವಸ್ತ್ರ ಮಾತ್ರ ಕೊಡುತ್ತಾರೆ. ರೇಷ್ಮೆ ನನ್ನ ಬೆರಳಿಗೆ ಸಿಕ್ಕಿ ಎಳೆ ಬಿಡುತ್ತದೆ. "ನಿನ್ನ ಹೊಲಿಗೆ ಬಂಗಾರ ಕಣಮ್ಮ, ಕೈ ಮಾತ್ರ ಉಪ್ಪುಕಾಗದ" ಎಂದು ದರ್ಜಿ ನಗುತ್ತಾನೆ. ನಾನೂ ನಗುತ್ತೇನೆ.

ಒಂದು ಮಾತು ಕೇಳಲೇ? ಆ ಇಲಿಗಳ ಬೆನ್ನು ನಿಜವಾಗಿಯೂ ನುಣ್ಣಗಾಗಿದೆಯಾ? ಆಸೆಗಣ್ಣು ಬಿಟ್ಟು, ಕೈಯಿಂದ ಮುಟ್ಟಿ ನೋಡಿ ಬರೆ. ಇಲ್ಲಿಯ ಚರ್ಮದ ಡಾಕ್ಟರು ಹೋದ ತಿಂಗಳೇ ಹೇಳಿದ್ದರು, ಎ ವಿಟಮಿನ್ ವಂಶದ ಮಾತ್ರೆಯೊಂದು ಬಂದಿದೆ, ಬೇಕಾದರೆ ಶುರು ಮಾಡೋಣ ಎಂದು. ಇಷ್ಟು ವರ್ಷ ಎಷ್ಟು ಮುಲಾಮು ಮೆತ್ತಿಕೊಂಡೆ, ಎಷ್ಟು ಆಸೆಪಟ್ಟೆ, ನಿನಗೆ ಗೊತ್ತು. ಡಾಕ್ಟರ ಮಾತಿಗೆ ಇನ್ನು ಆಸೆಪಡುವ ಶಕ್ತಿಯಿಲ್ಲ. ನೀನು ಮುಟ್ಟಿ ನೋಡಿ ಹೇಳಿದರೆ ನಂಬುತ್ತೇನೆ. ಹುಟ್ಟಿದಾಗಿನಿಂದ ನೀನು ನನಗೆ ಒಂದೇ ಒಂದು ಸುಳ್ಳೂ ಹೇಳಿದವಳಲ್ಲ.

ಗುಬ್ಬಿ


೨೬ ಜುಲೈ ೧೯೮೭

ಗುಬ್ಬಿ,

ಮುಟ್ಟಿ ನೋಡಿದೆ. ಗವಸು ಬಿಚ್ಚಿ, ಬರಿಗೈಯಲ್ಲಿ ಮುಟ್ಟಿದೆ. ಹಾಗೆ ಮಾಡಕೂಡದು, ಆದರೂ ಮಾಡಿದೆ. ಕೆಳಗಿನ ಸಾಲಿನವು ಹಾಗೇ ಇವೆ, ಜಾಳು ಜಾಳು, ಸುಕ್ಕು ಸುಕ್ಕು. ಮೇಲಿನ ಸಾಲಿನವುಗಳ ಬೆನ್ನು ಎಳೆಮಗುವಿನ ಕೆನ್ನೆಯ ಹಾಗಿದೆ. ಮಡಿಕೆಗಳೆಲ್ಲ ಕರಗಿವೆ. ಎರಡು ಮೂರಕ್ಕೆ ಕೆಂಪೆದ್ದು ಸಿಪ್ಪೆ ಸುಲಿಯಿತು, ಅದೂ ವಾಸಿಯಾಗುತ್ತಿದೆ. ನಾನು ದೇವರ ಹೆಸರು ಹೇಳಿ ಕಣ್ಣಿಗೆ ಒತ್ತಿಕೊಂಡೆ. ಇಲಿಯನ್ನು ಕಣ್ಣಿಗೆ ಒತ್ತಿಕೊಂಡವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಮೇಡಂ ಅವರನ್ನು ಕೇಳಿದೆ.

"ಮನುಷ್ಯರಿಗೂ ಹೀಗೇ ಆಗ್ತದಾ ಮೇಡಂ?"

"ಇಲಿ ಚರ್ಮ ಬೇರೆ, ನಮ್ಮ ಚರ್ಮ ಬೇರೆ ಅಮ್ಮ. ಇಲಿ ಹೇಳಿದ್ದನ್ನೆಲ್ಲ ನಂಬೋಕಾಗಲ್ಲ."

"ಮತ್ತೆ ಯಾಕೆ ಇಲಿನ ಕೇಳ್ತೀರಿ?"

"ಇನ್ಯಾರನ್ನ ಕೇಳ್ಲಿ, ನಿಮ್ಮನ್ನಾ?" ಎಂದು ನಕ್ಕರು. ಒಳ್ಳೆಯ ಹೆಂಗಸು. ಓದಿದವರು ಹಾಗೇ, ಯಾವುದನ್ನೂ ಹೌದು ಎಂದು ಬಾಯಿಬಿಟ್ಟು ಹೇಳುವುದಿಲ್ಲ.

ನುಣ್ಣಗಾದ ಕೆಲವನ್ನು ಹೋದ ವಾರ ಒಳಕೋಣೆಗೆ ಒಯ್ದರು. ಹೊಸವು ಬಂದಿವೆ. ಒಯ್ದ ಮೇಲೆ ಏನು ಎಂದು ನಾವು ಕೇಳುವುದಿಲ್ಲ. ನೀನೂ ಕೇಳಬೇಡ.

ಡಾಕ್ಟರ ಹತ್ತಿರ ಹೋಗು. ಇವತ್ತೇ ಹೋಗು. ನಿನ್ನ ಮೈಗೆ ಏನಾದರೂ ದಾರಿ ತೋರಿಸು ಎಂದು ನಾನು ಇಪ್ಪತ್ತಾರು ವರ್ಷದಿಂದ ದೇವರನ್ನು ಬೇಡಿದ್ದೇನೆ. ಅವನು ತೋರಿಸುವಾಗ ನಾವು ಮುಖ ತಿರುಗಿಸಬಾರದು.

ಅಮ್ಮ


೧೮ ಅಕ್ಟೋಬರ್ ೧೯೮೭

ಅಮ್ಮಾ,

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಎಲ್ಲಿ ಹಿಂದಕ್ಕೆ ಹೋಗಿಬಿಡುತ್ತದೋ ಎಂದು ಹೆದರಿಕೆ.

ಮಾತ್ರೆ ಶುರುಮಾಡಿ ಎರಡು ತಿಂಗಳಾಯಿತು. ಮೊದಲು ತುಟಿ ಸೀಳಿತು, ಮೂಗಿನಲ್ಲಿ ರಕ್ತ ಬಂತು, ಕಣ್ಣಲ್ಲಿ ಮರಳು ಬಿದ್ದ ಹಾಗೆ. ಆಮೇಲೆ ಅಂಗಾಲು ಸುಲಿಯಿತು, ಕೈ ಸುಲಿಯಿತು, ಬೆನ್ನಿನಿಂದ ಹಾಳೆ ಹಾಳೆಯಾಗಿ ಬಂತು. ಅತ್ತೆ ಮೊದಲ ಸಲ ಮಾತಾಡಿದರು: "ಒಳಗೆ ಯಾರೋ ಒಬ್ಬಳು ಇದ್ದಾಳೆ ಕಣೇ." ಒಳಗೆ ಇದ್ದವಳು ನಾನೇ ಅಮ್ಮ. ಮೊಣಕೈ ಮಡಿಸಿದರೆ ಬಿರಿಯುವುದಿಲ್ಲ. ಬೆವರು ಬರುತ್ತದೆ. ಬೆವರು ಇಷ್ಟು ತಣ್ಣಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ದರ್ಜಿ ರೇಷ್ಮೆ ಕೊಟ್ಟು ಪರೀಕ್ಷೆ ಮಾಡಿದ. ಒಂದು ಎಳೆಯೂ ಸಿಕ್ಕಲಿಲ್ಲ.

ಇನ್ನೊಂದು ವಿಷಯ, ನಿನ್ನಿಂದ ಮುಚ್ಚಿಟ್ಟಿದ್ದೆ. ಮದುವೆಯಾದ ಮರುವರ್ಷದಿಂದ ಇವರು ಮುಂದಿನ ಕೋಣೆಯಲ್ಲೇ ಮಲಗುತ್ತಿದ್ದರು. ನಾನೂ ಏನೂ ಅನ್ನುತ್ತಿರಲಿಲ್ಲ. ನೀನು ಪ್ರತಿ ಸಲ ಬಂದಾಗ ವೈದ್ಯರ ಹೆಸರು ಹೇಳುತ್ತಿದ್ದೆ, ಮಗುವಿಗಾಗಿ ಇಂಥ ಕಡೆ ಹೋಗು ಎನ್ನುತ್ತಿದ್ದೆ. ನಾನು ತಲೆಯಾಡಿಸುತ್ತಿದ್ದೆ. ಏನೆಂದು ಹೇಳಲಿ? ಈಗ ಇವರು ಒಳಗೆ ಬಂದಿದ್ದಾರೆ. ಹೋದ ವಾರ ನನ್ನ ಕೈಯನ್ನು ಗಡಿಯಾರ ನೋಡುವ ಭೂತಗನ್ನಡಿಯಲ್ಲಿ ನೋಡಿದರು. "ಗೆರೆ ಇದೆಯಲ್ಲೇ ನಿನಗೂ" ಎಂದರು.

ಡಾಕ್ಟರು ಮಾತ್ರೆ ಕೊಡುವಾಗ ಒಂದು ಎಚ್ಚರಿಕೆ ಒತ್ತಿ ಒತ್ತಿ ಹೇಳಿದ್ದರು. ಅದು ನನ್ನಂಥವಳಿಗೆ ಬೇಕಾದ ಮಾತಲ್ಲ ಎಂದು ನಕ್ಕು ಬಂದೆ. ಪತ್ರದಲ್ಲಿ ಬರೆಯುವಂಥದ್ದಲ್ಲ, ಬಿಡು.

ಗುಬ್ಬಿ


೧ ನವೆಂಬರ್ ೧೯೮೭

ಗುಬ್ಬಿ,

ನಿನ್ನ ಪತ್ರವನ್ನು ದೇವರ ಮುಂದೆ ಇಟ್ಟು, ಅಲ್ಲೇ ಕೂತು ಅತ್ತೆ. ಕೆಲಸಕ್ಕೆ ಹೊತ್ತಾಯಿತು, ಬೈಸಿಕೊಂಡೆ, ಬೈದವರ ಎದುರಿಗೂ ನಕ್ಕೆ.

ಅಳಿಯಂದಿರ ವಿಷಯ ಓದಿದೆ. ಇಷ್ಟು ವರ್ಷ ನಾನು ವೈದ್ಯರ ಹೆಸರು ಹೇಳುತ್ತಿದ್ದೆನಲ್ಲ, ನನ್ನ ನಾಲಿಗೆಗೆ ಏನು ಹೇಳಲಿ. ಇನ್ನು ಕೇಳುವುದಿಲ್ಲ. ಅದೊಂದು ಸಂಗತಿ ನಿನ್ನ ಹತ್ತಿರ ಎತ್ತುವುದೇ ಇಲ್ಲ, ಆಣೆ. ಕೊಡುವವನಿಗೆ ಗೊತ್ತು.

ಮಾತ್ರೆ ಒಂದು ದಿನವೂ ತಪ್ಪಿಸಬೇಡ.

ಅಮ್ಮ


೨೧ ಡಿಸೆಂಬರ್ ೧೯೮೭

ಅಮ್ಮಾ,

ಚಿಕ್ಕ ಪತ್ರ. ಒಂದು ವಿಷಯ ಕೇಳಬೇಕಿತ್ತು, ಸುಮ್ಮನೆ ಕುತೂಹಲ.

ನಿನ್ನ ಇಲಿಗಳು ಮರಿ ಹಾಕುತ್ತವಾ? ಮರಿಗಳು ಹೇಗಿರುತ್ತವೆ? ಔಷಧಿಯ ಕೆಲಸ ಆಗುವ ಜಾಗವಲ್ಲವೇ, ಮರಿಗಳು ಚೆನ್ನಾಗಿರುತ್ತವಾ ಎಂದು. ಹತ್ತಿರದಿಂದ ನೋಡಿ ಬರೆ, ನಾನು ಹೇಳಿದೆ ಎಂದು ಮೇಡಂ ಅವರನ್ನು ಕೇಳಬೇಡ. ಅವರು ಇಲಿ ಬೇರೆ ನಾವು ಬೇರೆ ಅನ್ನುತ್ತಾರೆ.

ಬೇಗ ಬರೆ. ಕಾಯುತ್ತಿರುತ್ತೇನೆ.

ಗುಬ್ಬಿ


೨ ಜನವರಿ ೧೯೮೮

ನನ್ನ ಗುಬ್ಬೀ,

ಮರಿಗಳ ಸುದ್ದಿ ಕೇಳಿದ್ದೀಯ. ನಿನ್ನ ಮನಸ್ಸು ಎಲ್ಲಿ ಓಡುತ್ತಿದೆ ಎಂದು ಅಮ್ಮನಿಗೆ ತಿಳಿಯುವುದಿಲ್ಲವೇ. ಎತ್ತುವುದಿಲ್ಲ ಎಂದು ಆಣೆ ಇಟ್ಟಿದ್ದೇನೆ, ಆದ್ದರಿಂದ ಇಲಿಗಳ ಮಾತನ್ನಷ್ಟೇ ಆಡುತ್ತೇನೆ. ಓದಿ ಸಂತೋಷಪಡು.

ಮರಿಗಳ ಕೋಣೆ ಬೇರೆ ಇದೆ, ಮಧ್ಯಾಹ್ನ ನಾನೇ ಅಲ್ಲಿ ನೀರು ಬದಲಿಸುವುದು. ಅದೇ ಈ ಕಟ್ಟಡದಲ್ಲಿ ನನಗೆ ಇಷ್ಟವಾದ ಜಾಗ. ತಾಯಂದಿರು ಕಾಗದವನ್ನು ಹಲ್ಲಿನಿಂದ ಸೀಳಿ ಸೀಳಿ ಹತ್ತಿಯ ಹಾಗೆ ಮಾಡಿ ಗೂಡು ಕಟ್ಟುತ್ತವೆ. ಮರಿಗಳು ಗೋಡಂಬಿಯಷ್ಟಿರುತ್ತವೆ, ಗುಲಾಬಿ ಬಣ್ಣ. ಕುಡಿದ ಹಾಲು ಹೊಟ್ಟೆಯ ಚರ್ಮದೊಳಗಿಂದ ಬೆಳ್ಳಗೆ ಕಾಣುತ್ತದೆ. ಯಾವುದಕ್ಕೆ ಹೊಟ್ಟೆ ತುಂಬಿದೆ, ಯಾವುದಕ್ಕಿಲ್ಲ ಎಂದು ನೋಡಿಯೇ ಹೇಳಬಹುದು. ಒಂದು ತಾಯಿ ನಾನು ಕೈ ಹಾಕಿದರೆ ಒಂದೊಂದನ್ನೇ ಕಚ್ಚಿಕೊಂಡು ಮೂಲೆಗೆ ಸಾಗಿಸುತ್ತಾಳೆ. "ಕದಿಯೋದಿಲ್ಲ ಕಣೇ, ಹಾಸಿಗೆ ಬದಲಿಸ್ತೀನಿ ಅಷ್ಟೆ" ಎಂದರೂ ಕೇಳುವುದಿಲ್ಲ. ಎಲ್ಲ ಮರಿಗಳೂ ಚೆನ್ನಾಗಿವೆ. ಒಂದಕ್ಕೂ ಒಂದು ಕುಂದಿಲ್ಲ. ಬೆರಳು, ಬಾಲ, ಕಿವಿ, ಎಲ್ಲ ಮುದ್ದುಮುದ್ದು.

ಈ ತಾಯಂದಿರಿಗೆ ಮೈತುಂಬ ಕೂದಲಿದೆ. ಬೋಳು ಹೆಣ್ಣುಗಳಿಗೆ ಹಾಲು ಸಾಲದು, ಮರಿ ಬದುಕುವುದಿಲ್ಲ ಎಂದು ಕೂದಲಿರುವ ಹೆಣ್ಣನ್ನೇ ಇಟ್ಟುಕೊಳ್ಳುತ್ತಾರಂತೆ. ಮರಿಗಳಲ್ಲಿ ಅರ್ಧ ಕೂದಲಿದ್ದು ಅರ್ಧ ಬೋಳಾಗುತ್ತವೆ. ದೇವರ ಆಟ ನೋಡು.

ನೀನೂ ನಂಬಿಕೆ ಬಿಡಬೇಡ. ಯಾವುದಕ್ಕೂ ಹೆದರಬೇಡ.

ಅಮ್ಮ


೧೪ ಜನವರಿ ೧೯೮೮

ಅಮ್ಮಾ,

ನಿನ್ನ ಪತ್ರ ಬಂತು. ನಿಂತಲ್ಲೇ ಎರಡು ಸಲ ಓದಿದೆ. ಒಂದಕ್ಕೂ ಒಂದು ಕುಂದಿಲ್ಲ ಎಂದು ಬರೆದಿದ್ದೀಯಲ್ಲ, ಅಷ್ಟು ಸಾಕು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಸ್ವಲ್ಪ ದಿನ ನನ್ನಿಂದ ಪತ್ರ ಬರದಿದ್ದರೆ ಚಿಂತೆ ಮಾಡಬೇಡ. ಕೆಲಸ ಜಾಸ್ತಿ. ಆಮೇಲೆ ದೊಡ್ಡ ಪತ್ರ ಬರೆಯುತ್ತೇನೆ.

ಗುಬ್ಬಿ


೧೯ ಮಾರ್ಚ್ ೧೯೮೮

ಅಮ್ಮಾ,

ಕೂತಿದ್ದೀಯಾ? ಕೂತುಕೋ.

ನಾನು ಬಸುರಿ. ನಾಲ್ಕು ತಿಂಗಳು ತುಂಬಿತು. ನಿನ್ನೆ ಒಳಗೆ ಮಿಸುಕಿತು, ಗಡಿಯಾರದ ಮುಳ್ಳು ಒಂದು ಮನೆ ದಾಟಿದ ಹಾಗೆ. ಇವರಿಗೆ ಹಾಗೆ ಹೇಳಿದೆ, ಅವರು ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ನಿನಗೆ ಮೊದಲೇ ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಇಷ್ಟು ವರ್ಷ ನೀನು ಆಸೆಪಟ್ಟಿದ್ದೀಯ, ಏನಾದರೂ ಆಗಿಬಿಟ್ಟರೆ ನಿನ್ನ ಮುಖ ನೋಡುವುದು ಹೇಗೆ ಎಂದು ಸುಮ್ಮನಿದ್ದೆ.

ಈಗ ಪೂರ್ತಿ ಹೇಳುತ್ತೇನೆ. ಡಾಕ್ಟರು ಒತ್ತಿ ಹೇಳಿದ್ದು ಇದೇ ಮಾತು: ಈ ಮಾತ್ರೆ ತಗೊಳ್ಳುವಾಗ ಬಸುರಿಯಾಗಬಾರದು, ಮಗುವಿಗೆ ಕೇಡು ಎಂದು. ಆಗ ಇವರು ಮುಂದಿನ ಕೋಣೆಯಲ್ಲಿದ್ದರು. ಹಾಗಂತ ಒಬ್ಬ ಗಂಡಸಿನ ಮುಂದೆ ಹೇಗೆ ಹೇಳಲಿ? ಆ ಪ್ರಶ್ನೆಯೇ ಇಲ್ಲ ಡಾಕ್ಟರೇ ಎಂದೆ. ಡಿಸೆಂಬರಿನಲ್ಲಿ ಮುಟ್ಟು ನಿಂತಿತು. ಡಾಕ್ಟರಿಗೆ ಹೇಳಿದರೆ ಮಾತ್ರೆ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಮೈ ಮತ್ತೆ ಮೊದಲಿನಂತಾಗುತ್ತದೆ. ಆಗ ಇವರು ಮತ್ತೆ ಮುಂದಿನ ಕೋಣೆಗೆ ಹೋದರೆ? ಎರಡರಲ್ಲಿ ಒಂದನ್ನು ಬಿಡು ಎಂದರೆ ಯಾವುದನ್ನು ಬಿಡಲಿ? ಅದಕ್ಕೇ ನಿನ್ನನ್ನು ಕೇಳಿದ್ದು. ಡಾಕ್ಟರು ಓದಿದ್ದನ್ನು ಹೇಳುತ್ತಾರೆ, ನೀನು ಕಂಡದ್ದನ್ನು ಹೇಳುತ್ತೀಯ. ನಿನ್ನ ಪತ್ರ ಬಂದ ಮೇಲೆ ಧೈರ್ಯ ಬಂತು. ಮಾತ್ರೆ ಬಿಟ್ಟಿಲ್ಲ. ಮೈಯೂ ಚೆನ್ನಾಗಿದೆ, ಒಳಗೂ ಚೆನ್ನಾಗಿದೆ.

ಉಳಿದ ರೇಷ್ಮೆ ತುಂಡುಗಳಲ್ಲಿ ಒಂದು ಅಂಗಿ ಹೊಲಿದಿದ್ದೇನೆ. ನನ್ನ ಅಂಗೈಯಷ್ಟಿದೆ.

ಯಾವಾಗ ಬರುತ್ತೀಯ?

ಗುಬ್ಬಿ


೨೦ ಮಾರ್ಚ್ ೧೯೮೮

ಗುಬ್ಬಿ,

ನಿನ್ನ ದೊಡ್ಡ ಪತ್ರ ಇನ್ನೂ ಬರಲಿಲ್ಲ. ನಾನು ಚೆನ್ನಾಗಿದ್ದೇನೆ. ಸ್ವಲ್ಪ ಜ್ವರ ಇತ್ತು.

ಎದುರು ಕೋಣೆಯವಳು ರಜೆ ಹಾಕಿದ್ದಳು, ಅವಳ ಬದಲಿಗೆ ಒಂದು ವಾರ ನನ್ನನ್ನು ಅಲ್ಲಿ ಹಾಕಿದ್ದರು. ಅಲ್ಲಿಯೂ ಇಲಿಗಳೇ, ಕೆಲಸ ಬೇರೆ. ಅದನ್ನು ಬರೆಯುವುದಿಲ್ಲ. ಮನೆಯ ಹೆಣ್ಣುಮಗಳಿಗೆ ಬರೆಯುವ ಪತ್ರದಲ್ಲಿ ಅಂಥ ಮಾತು ಬರಬಾರದು, ಮಾತಿಗೂ ಕಣ್ಣಿರುತ್ತದೆ. ಇನ್ನು ಮೇಲೆ ಇಲಿಗಳ ಸುದ್ದಿ ನಮಗೆ ಬೇಡ. ಸೀಸೆ ತೊಳೆಯುವ ಕೆಲಸಕ್ಕೇ ವಾಪಸ್ ಕಳಿಸಿ ಎಂದು ಕೇಳಿದ್ದೇನೆ.

ಅಲ್ಲಿ ಬಿಸಿಲು ಶುರುವಾಯಿತೇ? ತಲೆಗೆ ಎಣ್ಣೆ ಹಾಕಿಕೋ.

ಅಮ್ಮ


೨೮ ಮಾರ್ಚ್ ೧೯೮೮

ಗುಬ್ಬಿ,

ಮಾತ್ರೆ ನಿಲ್ಲಿಸು. ಇದನ್ನು ಓದುತ್ತಿರುವಾಗಲೇ ಎದ್ದು ಹೋಗಿ ಡಬ್ಬಿಯನ್ನು ಅತ್ತೆಯ ಕೈಗೆ ಕೊಡು. ತಂತಿ ಕಳಿಸಿದ್ದೇನೆ, ಅದು ಮೊದಲು ಮುಟ್ಟಿರಬೇಕು. ಡಾಕ್ಟರ ಹತ್ತಿರ ಹೋಗು, ಅಳಿಯಂದಿರನ್ನು ಕರೆದುಕೊಂಡು ಹೋಗು, ಏನೂ ಮುಚ್ಚಿಡಬೇಡ.

ನಾನು ನಿನಗೆ ಸುಳ್ಳು ಹೇಳಲಿಲ್ಲ. ಆದರೆ ನೀನು ಕೇಳಿದ್ದು ಒಂದು, ನಾನು ಹೇಳಿದ್ದು ಒಂದು. ಮರಿಗಳ ಕೋಣೆಯ ತಾಯಂದಿರಿಗೆ ಔಷಧಿಯ ಒಂದು ಹನಿಯೂ ತಗುಲಿಲ್ಲ ಮಗಳೇ. ಆ ಕೋಣೆಗೆ ಆ ಸೀಸೆ ಬರುವುದೇ ಇಲ್ಲ. ಅವು ಬರೀ ಹೆರುವುದಕ್ಕೆ ಇಟ್ಟವು. ಔಷಧಿ ಬಿದ್ದವು ಬೇರೆ, ಅವನ್ನು ಗಂಡಿನ ಜೊತೆ ಬಿಡುವುದೇ ಇಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಬರೆಯಬೇಕು ಎಂದು ತೋಚಲಿಲ್ಲ. ನೀನು ಮಗುವಿಗಾಗಿ ಹಂಬಲಿಸಿ ಕೇಳಿದೆ ಎಂದುಕೊಂಡೆ, ಹಂಬಲಕ್ಕೆ ಸಮಾಧಾನವಾಗುವ ಹಾಗೆ ಬರೆದೆ.

ಎದುರು ಕೋಣೆಯಲ್ಲಿ ಕಂಡದ್ದನ್ನು ಈಗ ಬರೆಯಲೇಬೇಕು. ಅಲ್ಲಿ ಬಸುರಿ ಇಲಿಗಳಿಗೆ ಅದೇ ವಂಶದ ಔಷಧಿಯನ್ನು ಬಾಯಿಗೆ ಹಾಕುತ್ತಾರೆ. ಹೆರುವ ಹಿಂದಿನ ದಿನ ಹೊಟ್ಟೆ ಸೀಳಿ ಮರಿಗಳನ್ನು ತೆಗೆದು ನೋಡುತ್ತಾರೆ. ತಟ್ಟೆ ತೊಳೆಯುವುದು ನನ್ನ ಪಾಲಿಗೆ ಬಂತು. ಕಿವಿ ಇರಬೇಕಾದ ಕಡೆ ಏನೂ ಇರಲಿಲ್ಲ, ನುಣ್ಣಗಿತ್ತು. ಕೆಲವಕ್ಕೆ ಬಾಯಿಯ ಅಂಗುಳ ಸೀಳಿತ್ತು. ಇನ್ನು ಬರೆಯಲಾರೆ. ಜ್ವರ ಬಂದದ್ದು ಅದರಿಂದಲೇ. ಅದನ್ನು ಕಂಡ ದಿನವೇ ನಿನಗೆ ಬರೆಯಬಹುದಿತ್ತು. ಕೆಟ್ಟ ಮಾತು ಮಗಳ ಮನೆಗೆ ಹೋಗಬಾರದು ಎಂದು ತಡೆದುಕೊಂಡೆ.

ನಿನ್ನ ಪತ್ರ ಹಿಡಿದುಕೊಂಡೇ ಮೇಡಂ ಹತ್ತಿರ ಓಡಿದೆ. ಎರಡು ಬಾಗಿಲಿನ ನಿಯಮವೂ ಮರೆತುಹೋಯಿತು.

"ಇದು ಮೊದಲೇ ಗೊತ್ತಿದ್ದದ್ದಾ ಮೇಡಂ?"

"ಎಷ್ಟೋ ವರ್ಷದಿಂದ ಗೊತ್ತು ಅಮ್ಮ. ಈ ವಂಶದ ಔಷಧಿಗೆಲ್ಲ ಆ ಗುಣ ಇದೆ. ಆ ಗುಣ ಇಲ್ದೇ ಇರೋದು ಸಿಗತ್ತಾ ಅಂತ ಹುಡುಕ್ತಿದೀವಿ, ಅದಕ್ಕೇ ಆ ಕೋಣೆ. ಡಾಕ್ಟರು ಹೇಳಿರ್ಲಿಲ್ವಾ ನಿಮ್ಮ ಮಗಳಿಗೆ?"

"ಹೇಳಿದ್ರಂತೆ."

"ಮತ್ತೆ?"

ಡಾಕ್ಟರನ್ನು ಬಿಟ್ಟು ಅಮ್ಮನನ್ನು ಕೇಳಿದಳು ಎಂದೆ. ಮೇಡಂ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಇಲಿ ಹೇಳಿದ್ದನ್ನೆಲ್ಲ ನಂಬೋಕಾಗಲ್ಲ ಅಂತ ನೀವೇ ಹೇಳಿದ್ರಲ್ಲ, ಈಗಲೂ ಹಾಗೇ ಹೇಳಿ ಎಂದು ಕೇಳಿದೆ.

ಎಲ್ಲ ಮಕ್ಕಳಿಗೂ ಆಗುವುದಿಲ್ಲವಂತೆ. ಅದೊಂದನ್ನು ಹೇಳಿದರು. ನಾನು ಅದನ್ನೇ ಹಿಡಿದುಕೊಂಡಿದ್ದೇನೆ, ನೀನೂ ಹಿಡಿದುಕೋ. ರಜೆ ಕೇಳಿದ್ದೇನೆ, ಸಿಗದಿದ್ದರೆ ಬಿಟ್ಟು ಬರುತ್ತೇನೆ.

ಅಮ್ಮ


೧೭ ಏಪ್ರಿಲ್ ೧೯೮೮

ಅಮ್ಮಾ,

ಬರಬೇಡ.

ಮಾತ್ರೆ ನಿಲ್ಲಿಸಿದೆ. ಹೊಟ್ಟೆಯ ಚಿತ್ರ ತೆಗೆದರು. ದೊಡ್ಡ ಆಸ್ಪತ್ರೆಯ ಡಾಕ್ಟರು ಪರದೆಯ ಮೇಲೆ ಬಹಳ ಹೊತ್ತು ನೋಡಿದರು. ಹೃದಯ ಸರಿಯಾಗಿ ಕಟ್ಟಿಲ್ಲ ಎಂದರು. ತಲೆಯೊಳಗೆ ನೀರು ಜಾಸ್ತಿ ಇದೆ ಎಂದರು. ಕಿವಿ ಕಾಣುತ್ತಿಲ್ಲ, ಮಗು ಮಲಗಿರುವ ರೀತಿಯಿಂದಲೂ ಇರಬಹುದು ಎಂದರು. ಹೆರುವವರೆಗೆ ಉಳಿಯಬಹುದು, ಆಮೇಲೆ ಹೇಳಲಾಗದು ಎಂದರು. ತೆಗೆಸುವುದಾದರೆ ಈಗಲೇ ಎಂದರು. ಇವರು ನನ್ನ ಮುಖ ನೋಡಿದರು. ಅದು ಆಗ ಒದೆಯುತ್ತಿತ್ತು ಅಮ್ಮ. ಬೇಡ ಎಂದೆ.

ಚರ್ಮದ ಡಾಕ್ಟರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ ತಾಯಿ" ಎಂದರು, ಅಷ್ಟೇ. ಡಿಸೆಂಬರಿನಲ್ಲೇ ನಿಲ್ಲಿಸಿದ್ದರೆ ಉಳಿಯುತ್ತಿತ್ತಾ ಎಂದು ಕೇಳಿದೆ. ಮಗುವಿನ ಅಂಗಗಳು ಮೂಡುವುದು ಆ ವಾರಗಳಲ್ಲೇ, ಅಷ್ಟರಲ್ಲೇ ಆಗಿಹೋಗಿರಬಹುದು, ಆಗದೆಯೂ ಇರಬಹುದು, ಯಾರೂ ಹೇಳಲಾರರು ಎಂದರು. ನಿನಗೆ ಸಮಾಧಾನವಾಗಲಿ ಎಂದು ಬರೆಯುತ್ತಿಲ್ಲ. ಅವರು ಹೇಳಿದ್ದು ಅದು, ಅದಕ್ಕೆ ಬರೆದೆ.

ಅತ್ತೆ ಬೀದಿಯವರಿಗೆ ಏನೂ ಹೇಳಿಲ್ಲ. ಎದುರು ಮನೆಯವಳು ಬಂದು "ಏನು ಕಳೆ ಬಂದಿದೆ ನಿನ್ನ ಮುಖಕ್ಕೆ" ಎಂದು ಹೋದಳು.

ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಬಂದರೆ ವಾಸಿ ಎಂದು ಕಾಯುತ್ತಿದ್ದೇನೆ.

ಗುಬ್ಬಿ


೧೦ ಮೇ ೧೯೮೮

ಗುಬ್ಬಿ,

ನೀನು ಬೇಡ ಎಂದದ್ದಕ್ಕೆ ಬರಲಿಲ್ಲ. ಎರಡು ಸಲ ರೈಲು ನಿಲ್ದಾಣದವರೆಗೆ ಹೋಗಿ ಬಂದೆ.

ಕೆಲಸ ಬಿಡಲಿಲ್ಲ. ಬಿಟ್ಟರೆ ನಿನ್ನ ಹತ್ತಿರ ಓಡಿ ಬಂದುಬಿಡುತ್ತೇನೆ ಎಂದು ಬಿಡಲಿಲ್ಲ. ಸೀಸೆಯ ಕೆಲಸ ಸಿಗಲಿಲ್ಲ, ಮತ್ತೆ ಬೋಳು ಇಲಿಗಳ ಕೋಣೆಯಲ್ಲೇ ಇದ್ದೇನೆ. ಬೆಳಿಗ್ಗೆ ಹಿಡಿದುಕೊಳ್ಳುತ್ತೇನೆ, ಮೇಡಂ ಹನಿ ಬಿಡುತ್ತಾರೆ. ಬೆನ್ನು ಮೊದಲಿನ ಹಾಗೇ ನುಣ್ಣಗಾಗುತ್ತಿದೆ. ನನಗೆ ಅದನ್ನು ಮುಟ್ಟಲು ಆಗುವುದಿಲ್ಲ.

ಮಗು ಒದೆಯುತ್ತಿದೆಯಾ? ಒಂದು ಸಾಲು ಬರೆ.

ಅಮ್ಮ


೩ ಜುಲೈ ೧೯೮೮

ಗುಬ್ಬಿ,

ಒಂದು ಸಾಲೂ ಬರಲಿಲ್ಲ. ಅಳಿಯಂದಿರಿಗೆ ಬರೆದೆ. "ಇದ್ದಾಳೆ" ಎಂದು ಕಾರ್ಡು ಬಂತು.

ಪ್ರಾರ್ಥನೆಗೆ ಕೂರುತ್ತೇನೆ, ಏನು ಕೇಳಬೇಕೆಂದು ತಿಳಿಯುವುದಿಲ್ಲ. ಮಗು ಬದುಕಲಿ ಎಂದು ಕೇಳಿದರೆ ಯಾವ ಬದುಕು ಎನ್ನಿಸುತ್ತದೆ. ಬೇಡ ಎಂದು ಕೇಳಲು ಬಾಯಿ ಬರುವುದಿಲ್ಲ. ನಿನ್ನ ಮೈಗೆ ದಾರಿ ತೋರಿಸು ಎಂದು ಅಷ್ಟು ವರ್ಷ ಕೇಳಿದೆನಲ್ಲ, ಅವನು ತೋರಿಸಿದ. ನಾನು ಕೇಳಿದ್ದರಲ್ಲೇ ತಪ್ಪಿತ್ತೋ, ಅವನು ಕೊಟ್ಟದ್ದರಲ್ಲೋ. ಐವತ್ತು ವರ್ಷದಲ್ಲಿ ಮೊದಲ ಸಲ ಅವನ ಮುಂದೆ ಸುಮ್ಮನೆ ಕೂತು ಎದ್ದು ಬರುತ್ತಿದ್ದೇನೆ.

ದಿನ ಹತ್ತಿರ ಬಂತು. ಬಾ ಅನ್ನು, ಬರುತ್ತೇನೆ.

ಅಮ್ಮ


೮ ಸೆಪ್ಟೆಂಬರ್ ೧೯೮೮

ಅಮ್ಮಾ,

ನಿನ್ನ ಪತ್ರಗಳೆಲ್ಲ ಬಂದಿವೆ. ಒಡೆದು ಓದಿದ್ದು ನಿನ್ನೆ.

ಆಗಸ್ಟ್ ಹದಿಮೂರಕ್ಕೆ ಹೆಣ್ಣು ಮಗು ಹುಟ್ಟಿತು. ಹತ್ತು ದಿನ ಇತ್ತು. ಇವರು ತಿಳಿಸುತ್ತೇನೆ ಎಂದರು, ನಾನೇ ಬರೆಯುತ್ತೇನೆ ಎಂದು ತಡೆದೆ.

ಕಿವಿ ಇರಲಿಲ್ಲ. ಒಂದು ಕಡೆ ಸಣ್ಣ ಗುಂಡಿಯಂತೆ ಚರ್ಮ, ಇನ್ನೊಂದು ಕಡೆ ಅದೂ ಇಲ್ಲ. ಮೈ ಮಾತ್ರ ಎಂಥ ಮೈ ಅಮ್ಮ. ನನ್ನದು ಅವಳಿಗೆ ಹೋಗಲಿಲ್ಲ. ತೊಳೆಯಲು ಬಂದ ದಾದಿಯರು ಮುಖ ನೋಡುವ ಮೊದಲು "ಎಷ್ಟು ನಯ ಇದೆ ಕೂಸು" ಎಂದು ಹೇಳಿ, ಆಮೇಲೆ ಮಾತು ನಿಲ್ಲಿಸುತ್ತಿದ್ದರು. ಅತ್ತೆ ಹತ್ತು ದಿನವೂ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಇವರು ಒಳಗೆ ಬರುತ್ತಿದ್ದರು, ಗಾಜಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಎತ್ತಿಕೊಳ್ಳಲಿಲ್ಲ. ಅವರನ್ನು ಏನೂ ಅನ್ನಬೇಡ.

ನಾನು ಕರೆದರೆ ತಿರುಗುತ್ತಿರಲಿಲ್ಲ. ಅದು ಗೊತ್ತೇ ಇತ್ತು, ಆದರೂ ಕರೆಯುತ್ತಿದ್ದೆ. ಉಸಿರಾಡಲು ಕಷ್ಟಪಟ್ಟು ನೀಲಿಯಾಗುತ್ತಿದ್ದಳು, ಅಳುತ್ತಿದ್ದಳು. ದಾದಿ ಸವರಿದರೆ ನಿಲ್ಲಿಸುತ್ತಿರಲಿಲ್ಲ. ನಾನು ಕೈ ಹಾಕಿದರೆ ನಿಲ್ಲಿಸುತ್ತಿದ್ದಳು. ಮಾತ್ರೆ ಬಿಟ್ಟು ಅಷ್ಟು ತಿಂಗಳಾಗಿತ್ತಲ್ಲ, ನನ್ನ ಕೈ ಮತ್ತೆ ಉಪ್ಪುಕಾಗದ ಆಗಿತ್ತು. ಅವಳ ಮೈಗೆ ಗೀರುತ್ತದೆ ಎಂದು ಮೊದಲ ದಿನ ಮುಟ್ಟಲೇ ಇಲ್ಲ ನಾನು. ಎರಡನೆಯ ದಿನ ತಡೆಯಲಾರದೆ ಮುಟ್ಟಿದೆ, ತಟ್ಟನೆ ಸುಮ್ಮನಾದಳು. ಕೇಳಿಸದ ಕೂಸಿಗೆ ಇಡೀ ಕೋಣೆಯಲ್ಲಿ ಅದೊಂದೇ ಗುರುತು. ಎಲ್ಲರ ಕೈಯೂ ನುಣ್ಣಗೆ, ಒಂದು ಕೈ ಒರಟು, ಅದು ಅಮ್ಮ. ಆಮೇಲೆ ನಾನು ಕೈ ತೆಗೆಯಲಿಲ್ಲ. ಊಟಕ್ಕೂ ಎಡಗೈ. ಕೊನೆಗೆ ನನ್ನ ತೋರುಬೆರಳು ಹಿಡಿದುಕೊಂಡಿದ್ದಳು. ಬಿಡಿಸಬೇಕಾಯಿತು.

ಚರ್ಮದ ಡಾಕ್ಟರು ಮನೆಗೇ ಬಂದಿದ್ದರು. ಈಗ ತೊಂದರೆಯಿಲ್ಲ, ಜಾಗ್ರತೆ ಮಾಡಿಕೊಂಡರೆ ಮಾತ್ರೆ ಮತ್ತೆ ಶುರುಮಾಡಬಹುದು ಎಂದರು. ಇವರು ನನ್ನ ಕಡೆ ನೋಡಲಿಲ್ಲ. ಬೇಡ ಎಂದೆ.

ನೀನು ಬರುತ್ತೇನೆ ಎಂದು ಬರೆದಿದ್ದೀಯ. ಬರಬೇಡ ಅಮ್ಮ. ನಿನ್ನ ಮೇಲಿನ ಸಿಟ್ಟಿಗೆ ಅಲ್ಲ, ಅದು ಬರಲೇ ಇಲ್ಲ. ನೀನು ಬಂದರೆ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಳ್ಳುತ್ತೀಯ. ಈ ಕೈಯನ್ನು ಸದ್ಯಕ್ಕೆ ಯಾರೂ ಹಿಡಿಯುವುದು ಬೇಡ.

ಗುಬ್ಬಿ